ಡಿಸಿ ನಂಬರ್ ಬಿಡಿ, ಮೊದಲು ಶಾನಭೋಗರ ಪುಸ್ತಕದಲ್ಲಿ ಸರಿಯಾಗಿ ಬರೆಸಿ

ಹೊನ್ನಾವರದ ಹತ್ತಿರ ಶರಾವತಿ ದಂಡೆಯಲ್ಲಿ ಮನೆ, ಮನೆಯಲ್ಲಿ ನಡೆಯಲಾಗದ ಅಜ್ಜಿ, ನೀವು ಬೆಂಗಳೂರಿನಲ್ಲಿ. ನೆರೆ ಬಂದರೆ ಡಿಸಿಗೋ ಎನ್‌ಡಿಆರ್‌ಎಫ್‌ಗೋ (ಕೇಂದ್ರದ ವಿಪತ್ತು ರಕ್ಷಣಾ ಪಡೆ) ನೇರವಾಗಿ ಹೇಳೋದು ಹೇಗೆ, ಕೆಳಗಿನವರಿಂದ ಏನೂ ಆಗಲ್ಲ ಅಂತ ಬರೆದಿದ್ದೀರಿ. ಓದಿದ ಕೂಡಲೇ ಎದೆ ಧಸಕ್ ಅಂತು. 2021ರಲ್ಲಿ ನಾನೂ ಹೀಗೇ ಅಂದುಕೊಂಡಿದ್ದೆ.

ನಮ್ಮ ಮನೆ ಅಂಕೋಲಾ ತಾಲೂಕಿನಲ್ಲಿ. ಗಂಗಾವಳಿ ಹೊಳೆಗೂ ನಮ್ಮ ಅಂಗಳಕ್ಕೂ ನಡುವೆ ಒಂದೇ ಗದ್ದೆ. ಮನೆಯಲ್ಲಿ ಅಪ್ಪ, ಆಯಿ, ಕೊಟ್ಟಿಗೆಯಲ್ಲಿ ಮೂರು ದನ. ನಾನು ಆಗ ಯಲ್ಲಾಪುರದಲ್ಲಿ ರೂಮು ಮಾಡಿಕೊಂಡು ಕೆಲಸಕ್ಕಿದ್ದೆ. ಜುಲೈ 22ರ ಸಂಜೆ ನಮ್ಮೂರಿನ ಗ್ರಾಮ ಲೆಕ್ಕಿಗರು ಫೋನ್ ಮಾಡಿದರು. ಈಗ ಅವರ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ, ಅಪ್ಪನ ಬಾಯಲ್ಲಿ ಮಾತ್ರ ಇವತ್ತಿಗೂ ಶಾನಭೋಗರು. ಹೊಳೆ ಬದಿಯ ಮನೆಗಳನ್ನೆಲ್ಲ ಒಂದೊಂದಾಗಿ ಸುತ್ತಿ ಬಂದಿದ್ದರಂತೆ. ಶಾಲೆಯಲ್ಲಿ ಕಾಳಜಿ ಕೇಂದ್ರ (ನೆರೆ ಸಂತ್ರಸ್ತರು ಉಳಿಯುವ ಜಾಗ) ತೆರೆದಿದ್ದೇವೆ, ನಿಮ್ಮ ಅಪ್ಪ ಒಪ್ತಾ ಇಲ್ಲ, ನೀವೊಂದು ಮಾತು ಹೇಳಿ ಅಂದರು.

ಅಪ್ಪ ಯಾಕೆ ಒಪ್ಪಲಿಲ್ಲ ಅಂತ ನನಗೆ ಗೊತ್ತಿತ್ತು. ಶಾಲೆಯಲ್ಲಿ ದನ ಕಟ್ಟಲು ಜಾಗ ಇಲ್ಲ. ಜೊತೆಗೆ 2019ರ ನೆರೆಯಲ್ಲಿ ನೀರು ನಮ್ಮ ತುಳಸಿಕಟ್ಟೆ ಮುಟ್ಟಿ ಇಳಿದು ಹೋಗಿತ್ತು. ಅದಕ್ಕಿಂತ ಮೇಲೆ ಬರೋದಿಲ್ಲ ಅಂತ ಅವರ ಲೆಕ್ಕ.

ಇಲ್ಲಿ ನಾನು ಮಾಡಿದ ತಪ್ಪು ಹೇಳ್ತೇನೆ. ಸ್ವಲ್ಪ ಬಿಡಿಸಿಯೇ ಹೇಳಬೇಕು. ಶಾನಭೋಗರು ಇನ್ನೊಂದು ಸಲ ಒತ್ತಾಯ ಮಾಡಿದಾಗ ನಾನು, "ಅವರು ರಾತ್ರಿಗೆ ಅವರ್ಸಾದಲ್ಲಿ ಅತ್ತೆ ಮನೆಗೆ ಹೋಗ್ತಾರೆ, ಹಾಗಂತ ಬರ್ಕೊಳ್ಳಿ" ಅಂದೆ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅಪ್ಪನಿಗೆ ಫೋನ್ ಮಾಡಿ ಕಳಿಸಿಯೇ ಬಿಡೋಣ ಅಂತಿತ್ತು ಮನಸ್ಸಿನಲ್ಲಿ. ಸದ್ಯಕ್ಕೆ ಮಾತು ಮುಗಿಯಲಿ ಅಂತ ಹೇಳಿಬಿಟ್ಟೆ. ಆಮೇಲೆ ಫೋನ್ ಹಚ್ಚಿದರೆ ಸಿಗಲಿಲ್ಲ, ಊರಲ್ಲಿ ಕರೆಂಟ್ ಹೋಗಿತ್ತು. ಎರಡು ಸಲ ಪ್ರಯತ್ನ ಮಾಡಿ ಮಲಗಿದೆ. ಶಾನಭೋಗರಿಗೆ ಮತ್ತೆ ಫೋನ್ ಮಾಡಿ "ಅವರು ಇನ್ನೂ ಮನೆಯಲ್ಲೇ ಇದ್ದಾರೆ" ಅಂತ ಹೇಳಬೇಕಿತ್ತು. ಹೇಳಲಿಲ್ಲ. ಒಂದು ನಿಮಿಷದ ಕೆಲಸ.

ಆ ರಾತ್ರಿ ಯಲ್ಲಾಪುರದಲ್ಲಿ ಹೆಂಚಿನ ಮೇಲೆ ಮಳೆ ಹೊಯ್ಯುತ್ತಿದ್ದ ಸದ್ದಿಗೆ ಪಕ್ಕದಲ್ಲಿದ್ದವರ ಮಾತು ಕೇಳುತ್ತಿರಲಿಲ್ಲ. ಆ ನೀರೆಲ್ಲ ಬೇಡ್ತಿ ಹೊಳೆಗೆ ಇಳಿದು, ಮಾಗೋಡು ಜಲಪಾತ ದಾಟಿ, ಗಂಗಾವಳಿಯಾಗಿ ನಮ್ಮ ಗದ್ದೆಗೇ ಬರೋದು. ಅಂಕೋಲೆಯಲ್ಲಿ ಮಳೆ ಹೊಳವಾಗಿದ್ದರೂ ಘಟ್ಟದ ಮೇಲೆ ಹೊಯ್ದರೆ ಹೊಳೆ ಏರುತ್ತೆ. ಇದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಗಂಗಾವಳಿಗೆ ಅಣೆಕಟ್ಟಿಲ್ಲ, ಹಾಗಾಗಿ ಗೇಟು ತೆಗೀತೇವೆ ಅಂತ ಮೊದಲೇ ಹೇಳುವವರೂ ಇಲ್ಲ.

ಬೆಳಗಿನ ಜಾವ ಮೂರಕ್ಕೆ ಅಪ್ಪನ ಫೋನ್ ಬಂತು. "ಹೊಸ್ತಿಲು ದಾಟ್ತು" ಅಂದರು. ಹಿಂದೆ ದನ ಕೂಗುವುದು ಕೇಳಿಸಿತು. ಅಷ್ಟರಲ್ಲಿ ಕಟ್ಟಾಯಿತು.

ನಾನು ಆಗ ಮಾಡಿದ್ದು ನೀವು ಮಾಡಬೇಕು ಅಂದುಕೊಂಡಿರುವುದನ್ನೇ. ಮೇಲಿನವರನ್ನು ಹುಡುಕಿದೆ. ಶಾಸಕರ ಆಪ್ತರೊಬ್ಬರು, ಪತ್ರಿಕೆಯವರೊಬ್ಬರು, ವಿಧಾನಸೌಧದಲ್ಲಿದ್ದ ಹಳೆಯ ಸಹಪಾಠಿ. ವಾಟ್ಸಾಪ್ ಗುಂಪುಗಳಿಗೆಲ್ಲ ಮೆಸೇಜ್ ಹಾಕಿದೆ. ಪಾಪ, ಎಲ್ಲರೂ ಆ ಹೊತ್ತಿನಲ್ಲಿ ಎದ್ದು ಯಾರು ಯಾರಿಗೋ ಫೋನ್ ಮಾಡಿದರು. ಎರಡು ಗಂಟೆ ಬಿಟ್ಟು ಎಲ್ಲ ಕಡೆಯಿಂದ ಒಂದೇ ಉತ್ತರ ತಿರುಗಿ ಬಂತು. "ಆ ಮನೆ ಖಾಲಿಯಾಗಿದೆ, ಸಂಬಂಧಿಕರ ಮನೆಗೆ ಹೋಗಿದ್ದಾರೆ ಅಂತ ವರದಿ ಇದೆ."

ನನ್ನ ಮಾತೇ ಕಾರವಾರಕ್ಕೆ ಹೋಗಿ ನನ್ನ ಹತ್ತಿರ ವಾಪಸ್ ಬಂದಿತ್ತು.

ಕೊನೆಗೆ 1077ಕ್ಕೆ ಫೋನ್ ಮಾಡಿದೆ. ಅದು ಜಿಲ್ಲಾ ಕಂಟ್ರೋಲ್ ರೂಮ್. ಎತ್ತಿದ ಹುಡುಗ ಸಮಾಧಾನದ ಮಾತೇನೂ ಆಡಲಿಲ್ಲ, ಬರೀ ಪ್ರಶ್ನೆ ಕೇಳಿದ. ಯಾವ ಗ್ರಾಮ, ಯಾವ ಮಜರೆ, ಎಷ್ಟು ಜನ, ನಡೆಯಲಾಗದವರು ಇದ್ದಾರಾ, ನೀರು ಎಲ್ಲಿವರೆಗೆ ಇದೆ, ಗುರುತಿಗೆ ಹತ್ತಿರ ಏನಿದೆ. ಪಟ್ಟಿಯಲ್ಲಿ ಖಾಲಿ ಅಂತ ಇರೋದು ತಪ್ಪು, ತಪ್ಪು ಹೇಳಿದ್ದು ನಾನೇ ಅಂದೆ. ಆ ಮಾತು ತಾಲೂಕು ಕಂಟ್ರೋಲ್ ರೂಮಿಗೆ, ಅಲ್ಲಿಂದ ಅದೇ ಶಾನಭೋಗರಿಗೆ ಹೋಯಿತು. ಮೀನುಗಾರರ ದೋಣಿ ಆಗಲೇ ಅದೇ ಸಾಲಿನಲ್ಲಿತ್ತು. ನಾಲ್ಕು ಮನೆ ಆಚೆಯವರನ್ನು ಇಳಿಸಿಕೊಂಡು, ನಮ್ಮ ಮನೆ ಬಿಟ್ಟು ಮುಂದೆ ಹೋಗಿತ್ತು. ಪಟ್ಟಿ ನೋಡಿಕೊಂಡೇ ಹೋಗೋದಲ್ವಾ? ಅರ್ಧ ಗಂಟೆಯಲ್ಲಿ ಅಪ್ಪ, ಆಯಿ ಅಟ್ಟದಿಂದ ದೋಣಿಗೆ ಇಳಿದರು. ದೋಣಿಯಲ್ಲಿ ಶಾನಭೋಗರೂ ಇದ್ದರು.

ದನಗಳಲ್ಲಿ ಒಂದರ ಹಗ್ಗವನ್ನು ಮಾತ್ರ ಅಪ್ಪನಿಗೆ ಕೊಯ್ಯಲು ಆಗಿತ್ತು. ಕುತ್ತಿಗೆವರೆಗಿನ ನೀರಿನಲ್ಲಿ ಉಳಿದ ಎರಡರ ಗಂಟು ಕೈಗೆ ಸಿಗಲಿಲ್ಲ. ಎರಡೂ ಅಲ್ಲೇ ಹೋದವು. ಅರಬೈಲ್ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು, ನಾನು ಊರು ಮುಟ್ಟುವಾಗ ದಿನಗಳೇ ಕಳೆದಿದ್ದವು. ಕೊಟ್ಟಿಗೆಯ ಗೂಟದಲ್ಲಿ ಕೆಸರು ಮೆತ್ತಿದ ಹಗ್ಗದ ತುಂಡು ಹಾಗೇ ಇತ್ತು. ಪಂಚನಾಮೆಗೆ ಬಂದ ಶಾನಭೋಗರು ಪ್ಲಾಸ್ಟಿಕ್ ಕವರಿನಿಂದ ಪುಸ್ತಕ ತೆಗೆದರು. ನಮ್ಮ ಮನೆಯ ಸಾಲಿನಲ್ಲಿ ನೀಲಿ ಪೆನ್ನಿನಲ್ಲಿ "ಖಾಲಿ, ಸಂಬಂಧಿಕರಲ್ಲಿ" ಅಂತ ಬರೆದು, ಮೇಲೆ ಗೀಟು ಎಳೆದಿತ್ತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ನನ್ನ ವಾಟ್ಸಾಪ್ ಮೆಸೇಜ್ ಮಾತ್ರ ಎರಡು ದಿನದ ನಂತರವೂ ತಿರುಗುತ್ತಿತ್ತು. ಅಪ್ಪ ಆಯಿ ಕಾಳಜಿ ಕೇಂದ್ರದಲ್ಲಿ ಗಂಜಿ ಉಣ್ಣುವಾಗಲೂ ಯಾರೋ ಅವರನ್ನು ಉಳಿಸಿ ಅಂತ ಕಂಟ್ರೋಲ್ ರೂಮಿಗೆ ಫೋನ್ ಮಾಡುತ್ತಿದ್ದರು.

ಈಗ ನಿಮ್ಮ ಪ್ರಶ್ನೆಗೆ ಬರ್ತೇನೆ. "ಕೆಳಗಿನವರಿಂದ ಏನೂ ಆಗಲ್ಲ" ಅನ್ನೋ ಮಾತನ್ನು ನಾನು ಒಪ್ಪಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ನಿಜ. ಲಾರಿ, ದೋಣಿ, ಕಟ್ಟಡ ಬೇಕಾದರೆ ವಶಕ್ಕೆ ತಗೊಳ್ಳುವ ಅಧಿಕಾರವೂ ಇದೆ. ಅವರ ಕೆಳಗೆ ಕಾರವಾರ, ಕುಮಟಾ, ಶಿರಸಿ, ಭಟ್ಕಳದಲ್ಲಿ ಒಬ್ಬೊಬ್ಬ ಎಸಿ (ಉಪವಿಭಾಗಾಧಿಕಾರಿ), ತಾಲೂಕಿಗೆ ತಹಶೀಲ್ದಾರ್, ಅವರ ಕೆಳಗೆ ಕಂದಾಯ ನಿರೀಕ್ಷಕರು, ಕೊನೆಗೆ ಶಾನಭೋಗರು ಮತ್ತು ಪಂಚಾಯತಿ ಪಿಡಿಒ. ಆದರೆ ಯಾವ ಮನೆಯಲ್ಲಿ ಎಷ್ಟು ಜನ ಅನ್ನೋ ಲೆಕ್ಕ ಹುಟ್ಟೋದು ಆ ಕೊನೆಯ ಪುಸ್ತಕದಲ್ಲಿ. ಡಿಸಿ ಎದುರಿನ ಹಾಳೆ ಅದರದ್ದೇ ಮೊತ್ತ. ನೀವು ಡಿಸಿಗೆ ಹೇಳಿದರೂ ಅವರು ಕೇಳೋದು ತಹಶೀಲ್ದಾರರನ್ನು, ತಹಶೀಲ್ದಾರ್ ಕೇಳೋದು ಶಾನಭೋಗರನ್ನು. ಎನ್‌ಡಿಆರ್‌ಎಫ್ ಅಂತೂ ನಿಮ್ಮ ಫೋನಿಗೆ ಹೊರಡೋದಿಲ್ಲ. ಸರ್ಕಾರ ಕೇಳಿದರೆ ಬರುತ್ತೆ, ಬಂದ ಮೇಲೂ ಜಿಲ್ಲಾಡಳಿತ ತೋರಿಸಿದ ಕಡೆ ಇಳಿಯುತ್ತೆ.

2024ರ ಜುಲೈ 16ರಂದು ನಮ್ಮ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಬಿತ್ತು. ಎನ್‌ಡಿಆರ್‌ಎಫ್ ಬಂತು, ಸೇನೆ ಬಂತು, ನೌಕಾಪಡೆ ಬಂತು. ಆದರೂ ಮಣ್ಣಿನಡಿ ಎಷ್ಟು ಜನ ಅನ್ನೋದೇ ಮೊದಲ ದಿನ ಸ್ಪಷ್ಟವಾಗಿರಲಿಲ್ಲ. ದಾರಿಯಲ್ಲಿ ಹೋಗೋ ಲಾರಿಯವರ ಹೆಸರು ಯಾವ ಪುಸ್ತಕದಲ್ಲಿರುತ್ತೆ ಹೇಳಿ? ಗುಡ್ಡದ ಮಣ್ಣಿನ ಜೊತೆ ಹೊಳೆ ಸೇರಿದ್ದ ಒಂದು ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಮನೆಯಲ್ಲಿರುವ ನಮ್ಮ ಹೆಸರನ್ನಾದರೂ ನಾವೇ ಸರಿಯಾಗಿ ಬರೆಸಬೇಕು.

ನಿಮಗೆ ನಮಗಿಂತ ಒಂದು ಅನುಕೂಲ ಇದೆ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ ಎರಡೂ ಅಣೆಕಟ್ಟು ಇವೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಮಟ್ಟ ಅದರ ಹತ್ತಿರ ಬಂದಾಗ ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಡ್ತಾರೆ. ಅದನ್ನು ನೋಡಿ "ಈಗಲೇ ನೀರು ಬಿಡಲ್ಲ" ಅಂತ ಕೂರಬೇಡಿ, ಅಜ್ಜಿಯನ್ನು ಆ ದಿನವೇ ಕರೆದೊಯ್ಯಲಿ. ಘಟ್ಟದ ಮೇಲಿನ ಮಳೆ ಎಷ್ಟು ಅಂತ ತಿಳಿಯಲು ವರುಣಮಿತ್ರ ಸಹಾಯವಾಣಿ ಇದೆ, 9243345433. ನಾನು ಈಗ ಅಂಕೋಲೆಯ ಮಳೆ ಬಿಟ್ಟು ಯಲ್ಲಾಪುರದ ಮಳೆ ಕೇಳ್ತೇನೆ.

ದನ ಇದ್ದರೆ ಇನ್ನೊಂದು ಮಾತು. ಅವುಗಳಿಗೆ ಎತ್ತರದಲ್ಲಿ ಯಾರದ್ದಾದರೂ ಕೊಟ್ಟಿಗೆ ಮಳೆಗಾಲಕ್ಕೆ ಮೊದಲೇ ಮಾತಾಡಿಡಿ. ಹಿರಿಯರು ಮನೆ ಬಿಡದಿರೋದು ಹೆಚ್ಚಾಗಿ ದನಕ್ಕಾಗಿಯೇ. ನಮ್ಮದು ಈಗ ಜೂನ್‌ನಲ್ಲೇ ದಿಬ್ಬದ ಮನೆಗೆ ಹೋಗುತ್ತೆ. ಹಾಗಾಗಿ ಶಾನಭೋಗರು ಕರೆದರೆ ಅಪ್ಪ ತಕ್ಷಣ ಎದ್ದು ಹೊರಡ್ತಾರೆ.

ಈ ಸಲ ಊರಿಗೆ ಹೋದಾಗ ನಾಡಕಚೇರಿಗೆ ಹೋಗಿ ನಿಮ್ಮ ಗ್ರಾಮದ ಶಾನಭೋಗರು ಯಾರು ಅಂತ ಕೇಳಿ, ಮುಖತಃ ಮಾತಾಡಿ. ಅಜ್ಜಿಯ ಹೆಸರು, ನಡೆಯಲು ಆಗಲ್ಲ ಅನ್ನೋದು, ಹೊತ್ತು ತರಲು ಇಬ್ಬರು ಬೇಕು ಅನ್ನೋದು, ದಿನದ ಮಾತ್ರೆ ಯಾವುದು, ಮನೆಗೆ ದೋಣಿ ಯಾವ ಕಡೆಯಿಂದ ಬರಬಹುದು, ಎಲ್ಲ ಬರೆಸಿ. ಪಕ್ಕದ ಮನೆಯವರ ನಂಬರ್ ಕೊಡಿ. ಅಜ್ಜಿ ಮನೆ ಬಿಟ್ಟ ದಿನ "ಬಿಟ್ಟರು" ಅಂತ ಹೇಳಿ. ಬಿಡದಿದ್ದರೆ ಎಷ್ಟೇ ಮುಜುಗರ ಆದರೂ "ಇನ್ನೂ ಒಳಗಿದ್ದಾರೆ" ಅಂತಲೇ ಹೇಳಿ.