ಪುಟದ ಒಂದು ಭಾಗ ಬದಲಾದ ಮೇಲೆ ಬಟನ್ ಏಕೆ ಸುಮ್ಮನಾಗುತ್ತದೆ?

ತೂಕ, ವಿಧ ಪಡೆದು ದರ ತೋರಿಸುವ ನಿಮ್ಮ ಎಎಸ್‌ಪಿ.ನೆಟ್ (ಮೈಕ್ರೋಸಾಫ್ಟ್‌ನ ವೆಬ್ ಚೌಕಟ್ಟು) ಪುಟ ತೆರೆದ ಕೂಡಲೇ ಬಟನ್ ಒತ್ತಿದರೆ ಸರ್ವರ್‌ನ ಪೇಜ್‌ಮೆಥಡ್ (ಬ್ರೌಸರ್‌ನಿಂದ ಕರೆಯಬಹುದಾದ ಸರ್ವರ್ ಕೋಡ್) ಓಡುತ್ತದೆ. ಡ್ರಾಪ್‌ಡೌನ್‌ನಲ್ಲಿ ಬೇರೆಯದನ್ನು ಆರಿಸಿ ಅಪ್‌ಡೇಟ್‌ಪ್ಯಾನೆಲ್ (ಇಡೀ ಪುಟ ಮತ್ತೆ ತೆರೆಯದೆ ತಾನಷ್ಟೇ ಬದಲಾಗುವ ಭಾಗ) ಬದಲಾದ ಮೇಲೆ ಅದೇ ಬಟನ್ ಒತ್ತಿದರೆ ಏನೂ ಆಗುವುದಿಲ್ಲ, ದೋಷದ ಸಂದೇಶವೂ ಇಲ್ಲ ಎಂದಿದ್ದೀರಿ. ಶಿರಸಿಯ ಅಡಿಕೆ ವರ್ತಕರೊಬ್ಬರಿಗೆ ತೂಕದ ಚೀಟಿಯ ತಂತ್ರಾಂಶ ಮಾಡಿಕೊಟ್ಟಾಗ ನನಗೂ ಇದೇ ಗತಿ. ಅಡಿಕೆಯ ವಿಧದಲ್ಲಿ ‘ರಾಶಿ’ ತೆಗೆದು ‘ಚಾಲಿ’ ಆರಿಸಿದ ಮರುಕ್ಷಣ ‘ಉಳಿಸು’ ಬಟನ್ ಕಲ್ಲಾಗುತ್ತಿತ್ತು. ಮಳೆಗಾಲವಾದ್ದರಿಂದ ಎರಡು ದಿನ ಇಂಟರ್ನೆಟ್ಟನ್ನೇ ಬೈದೆ.

ಬ್ರೌಸರ್‌ನಲ್ಲಿ ಎಫ್12 ಒತ್ತಿ, ಸರ್ವರ್‌ಗೆ ಹೋಗುವ ಕರೆಗಳನ್ನು ತೋರಿಸುವ ನೆಟ್‌ವರ್ಕ್ ಟ್ಯಾಬ್ ತೆರೆದಿಟ್ಟುಕೊಂಡು ಬಟನ್ ಒತ್ತಿ ನೋಡಿ. ಕರೆ ಹೊರಟು ಉತ್ತರದ ಸಂಖ್ಯೆ 401 ಬಂದರೆ ಹೆಚ್ಚಾಗಿ ಲಾಗಿನ್ ಅವಧಿ ಮುಗಿದಿರುತ್ತದೆ. 500 (ಸರ್ವರ್‌ನೊಳಗಿನ ದೋಷ) ಬಂದರೆ ಸಾಮಾನ್ಯವಾಗಿ ಉತ್ತರದ ಒಳಗೇ ಕಾರಣ ಬರೆದಿರುತ್ತದೆ, ಓದಿ. ಕರೆ ಹೊರಡಲೇ ಇಲ್ಲವೆಂದರೆ ಸರ್ವರ್ ನಿರಪರಾಧಿ. ನಿಮ್ಮದು ಇದೇ ಇರಬೇಕು.

ಅಪ್‌ಡೇಟ್‌ಪ್ಯಾನೆಲ್ ಒಳಗಿನ ಎಚ್‌ಟಿಎಂಎಲ್ ತಿದ್ದಲ್ಪಡುವುದಿಲ್ಲ, ಇಡಿಯಾಗಿ ಕಿತ್ತು ಹೊಸದನ್ನು ಇಡಲಾಗುತ್ತದೆ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೀರಿ ಎನ್ನಿ. ಯಾರೋ ಆ ಮರ ಕಡಿದು ಅದೇ ಗುಂಡಿಯಲ್ಲಿ ಅಷ್ಟೇ ಎತ್ತರದ ಇನ್ನೊಂದನ್ನು ನಿಲ್ಲಿಸಿದರು. ತೋಟ ಮೊದಲಿನಂತೆಯೇ ಕಾಣುತ್ತದೆ, ಬಳ್ಳಿ ಹಳೆಯ ಮರದೊಂದಿಗೆ ಹೋಗಿದೆ. ಡಾಕ್ಯುಮೆಂಟ್ ರೆಡಿಯಲ್ಲಿ (ಪುಟ ಸಿದ್ಧವಾದಾಗ ಒಮ್ಮೆ ಓಡುವ ಕೋಡ್) ನೀವು ಬಟನ್‌ಗೆ ಕಟ್ಟಿದ ಕ್ಲಿಕ್, ಎಂದರೆ ಒತ್ತಿದಾಗ ಓಡಬೇಕಾದ ಕೆಲಸ, ಆ ಬಳ್ಳಿ. ಐಡಿ ಅದೇ ಇದ್ದರೂ ಬಟನ್ ಬೇರೆ.

ಇಂಥಲ್ಲಿ, ಪ್ಯಾನೆಲ್ ಪ್ರತಿ ಸಲ ಬದಲಾದ ಮೇಲೆ ಬರುವ ಎಂಡ್‌ರಿಕ್ವೆಸ್ಟ್ ಘಟನೆಯಲ್ಲಿ ಕ್ಲಿಕ್ಕನ್ನು ಮತ್ತೆ ಕಟ್ಟಿ ಎಂದು ಹಲವರು ಹೇಳುತ್ತಾರೆ. ನಾನೂ ಹಾಗೇ ಮಾಡಿದೆ, ಪ್ಯಾನೆಲ್‌ನ ಹೊರಗಿದ್ದ ‘ಚೀಟಿ ಸೇರಿಸು’ ಬಟನ್ನನ್ನೂ ಸೇರಿಸಿ. ಅದು ಬದಲಾಗುವುದೇ ಇಲ್ಲವಲ್ಲ, ಪ್ರತಿ ಸಲವೂ ಅದರ ಮೇಲೆ ಇನ್ನೊಂದು ಕ್ಲಿಕ್ ಪೇರುತ್ತಾ ಹೋಯಿತು. ಸಂಜೆ ಗುಮಾಸ್ತರು ಚೀಟಿ ಹಿಡಿದು ಬಂದರು: “ಚೀಲ ಹತ್ತು, ಇಲ್ಲಿ ಇಪ್ಪತ್ತು ಬಂದಿದೆಯಲ್ಲ ಮಾರಾಯರೇ?” ಆಮೇಲೆ ಹಾಗೆ ಮತ್ತೆ ಮತ್ತೆ ಕಟ್ಟುವುದನ್ನು ಕಿತ್ತು ಹಾಕಿ, ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ‘ಆನ್’ ಬಳಸಿ ಕ್ಲಿಕ್ಕನ್ನು ಡಾಕ್ಯುಮೆಂಟ್‌ಗೇ ಒಂದೇ ಸಲ ಕಟ್ಟಿದೆ, ಬಟನ್‌ನ ಗುರುತನ್ನು ಎರಡನೆಯ ಆರ್ಗ್ಯುಮೆಂಟ್ ಆಗಿ ಕೊಟ್ಟೆ. ಡಾಕ್ಯುಮೆಂಟ್ ಬದಲಾಗುವುದಿಲ್ಲವಾದ್ದರಿಂದ ಒಳಗೆ ಎಷ್ಟು ಸಲ ಬದಲಾದರೂ ತೊಂದರೆಯಿಲ್ಲ. ಇದಕ್ಕೆ ಜೆಕ್ವೆರಿ 1.7 ಅಥವಾ ನಂತರದ್ದು ಬೇಕು.

ಇಷ್ಟಾದರೂ ಕರೆ ಹೋಗಿ ಉತ್ತರ ಬಂದು, ಪರದೆಯಲ್ಲಿ ಮಾತ್ರ ದರ ಕಾಣದಿದ್ದರೆ, ದರದ ಪೆಟ್ಟಿಗೆಯನ್ನು ಪುಟದ ಆರಂಭದಲ್ಲೇ ಹುಡುಕಿ ವೇರಿಯೇಬಲ್‌ನಲ್ಲಿ ಇಟ್ಟುಕೊಂಡಿದ್ದೀರಾ ನೋಡಿ. ಉತ್ತರ ಕಿತ್ತುಹೋದ ಪೆಟ್ಟಿಗೆಗೆ ಬೀಳುತ್ತಿರುತ್ತದೆ. ಉತ್ತರ ಬಂದಾಗ ಓಡುವ ಕಾಲ್‌ಬ್ಯಾಕ್ ಒಳಗೇ ಪ್ರತಿ ಸಲ ಹೊಸದಾಗಿ ಹುಡುಕಿ.

ಇನ್ನೊಂದು: ಪೇಜ್‌ಮೆಥಡ್ ಸ್ಟ್ಯಾಟಿಕ್ (ತೆರೆದಿರುವ ಪುಟಕ್ಕೆ ಅಂಟಿಕೊಳ್ಳದೆ ಸ್ವತಂತ್ರವಾಗಿ ಓಡುವಂಥದ್ದು) ಆಗಿರುವುದರಿಂದ ಪುಟದ ಟೆಕ್ಸ್ಟ್‌ಬಾಕ್ಸ್‌ಗಳು ಅದಕ್ಕೆ ಕಾಣುವುದಿಲ್ಲ. ತೂಕ, ವಿಧ ಎಲ್ಲವನ್ನೂ ಪ್ಯಾರಾಮೀಟರ್ ಆಗಿಯೇ ಕಳುಹಿಸಬೇಕು. ನೀವು ಪ್ರಶ್ನೆಯ ಜೊತೆ ಹಾಕಿದ ಕೋಡ್‌ನಲ್ಲಿ ವಿಧ ಹೋಗುತ್ತಿಲ್ಲ.