ಕೀಟ್ಸನ ಕಾಗದಗಳಲ್ಲಿ ಕಾಣುವ ಅವನ ಓದು

ಖಾಸಗಿ ಪತ್ರಗಳಿಂದ ಲೇಖಕರು ಏನನ್ನು ಓದಿದರೆಂಬುದಷ್ಟೇ ತಿಳಿಯುತ್ತದೆಯೇ, ಹೇಗೆ ಓದುತ್ತಿದ್ದರೆಂಬುದೂ ತಿಳಿಯುತ್ತದೆಯೇ ಎಂದು ನೀವು ಕೇಳಿದ್ದೀರಿ. ಹೇಗೆ ಎಂಬುದೇ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ ಎಂದು ನನಗನ್ನಿಸುತ್ತದೆ. ನಾನು ಮತ್ತೆ ಮತ್ತೆ ಓದುವ, ಇಂಗ್ಲಿಷ್ ಕವಿ ಜಾನ್ ಕೀಟ್ಸನ ಪತ್ರಗಳನ್ನೇ ಆಧಾರವಾಗಿಟ್ಟುಕೊಂಡು ಉತ್ತರಿಸುತ್ತೇನೆ.

1817ರ ಏಪ್ರಿಲ್‌ನಲ್ಲಿ ಐಲ್ ಆಫ್ ವೈಟ್ ದ್ವೀಪದಿಂದ ಗೆಳೆಯ ರೆನಾಲ್ಡ್ಸನಿಗೆ ಬರೆಯುತ್ತ, ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದಲ್ಲಿ ಸಮುದ್ರದ ಸದ್ದು ಕೇಳಿಸುವುದಿಲ್ಲವೇ ಎಂದು ಕೇಳುವ ಮಾತು ತನ್ನನ್ನು ಬಿಡದೆ ಕಾಡುತ್ತಿದೆ ಎಂದು ಕೀಟ್ಸ್ ಹೇಳಿಕೊಳ್ಳುತ್ತಾನೆ. ಅದರ ಬೆನ್ನಿಗೇ ಸಮುದ್ರವನ್ನು ಕುರಿತ ತನ್ನದೊಂದು ಸಾನೆಟ್ಟನ್ನು (ಹದಿನಾಲ್ಕು ಸಾಲಿನ ಕವಿತೆ) ಬರೆದು ಕಳಿಸುತ್ತಾನೆ. ಓದಿದ ಸಾಲೊಂದು ಬರಹವಾಗಿ ಹೊರಳುವುದನ್ನು ಇಷ್ಟು ಹತ್ತಿರದಿಂದ ತೋರಿಸುವ ದಾಖಲೆಗಳು ವಿರಳ. ಮರುವರ್ಷದ ಜನವರಿಯಲ್ಲಿ ಅದೇ ನಾಟಕವನ್ನು ಮತ್ತೆ ಓದಲು ಕುಳಿತಾಗ, ಅದಕ್ಕೆ ಮುನ್ನುಡಿಯಾಗಿ ಒಂದು ಸಾನೆಟ್ ಬೇಕೆನಿಸಿತು ಎಂದು ತಮ್ಮಂದಿರಿಗೆ ತಿಳಿಸುತ್ತಾನೆ. ಅವನಿಗೆ ಮರುಓದು ಸಿದ್ಧತೆಯನ್ನು ಬೇಡುವ ಕೆಲಸವಾಗಿತ್ತು.

ನನಗೆ ಅತ್ಯಂತ ಪ್ರಿಯವಾದದ್ದು, ಅಮೆರಿಕಕ್ಕೆ ಹೋಗಿ ನೆಲೆಸಿದ್ದ ತಮ್ಮ ಜಾರ್ಜ್ ಮತ್ತು ಅವನ ಹೆಂಡತಿಗೆ 1819ರ ಮಾರ್ಚ್‌ನಲ್ಲಿ ಬರೆದ ಭಾಗ. ಆರುತ್ತಿರುವ ಬೆಂಕಿಗೆ ಬೆನ್ನು ಮಾಡಿ, ಒಂದು ಪಾದವನ್ನು ಓರೆಯಾಗಿಟ್ಟು, ಇನ್ನೊಂದರ ಹಿಮ್ಮಡಿಯನ್ನು ತುಸು ಎತ್ತಿ ಕುಳಿತಿದ್ದೇನೆ ಎಂದು ಅವನು ವರ್ಣಿಸುತ್ತಾನೆ. ಆ ಕಾಗದವನ್ನು ಬರೆಯಲು ಅದರ ಕೆಳಗೆ ಇಟ್ಟುಕೊಂಡಿದ್ದುದು, ಚಹಾ ಆದಮೇಲೆ ತಾನು ಓದಿ ಸಂತೋಷಪಟ್ಟ ‘ದಿ ಮೇಡ್ಸ್ ಟ್ರ್ಯಾಜಿಡಿ’ ನಾಟಕದ ಪುಸ್ತಕವನ್ನೇ. ಮೇಜಿನ ಮೇಲೆ ಹಳೆಯ ಇಂಗ್ಲಿಷ್ ಕವಿ ಚಾಸರನ ಎರಡು ಸಂಪುಟಗಳಿವೆ. ಕವಿ ಟಾಮ್ ಮೂರನ ಹೊಸ ಪುಸ್ತಕವೂ ಇದೆ, ಅದರಲ್ಲಿ ಏನೂ ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾನೆ. ಅಚ್ಚಿಗೆ ಹೋಗುವ ಬರಹದಲ್ಲಿ ಸಮಕಾಲೀನನ ಬಗ್ಗೆ ಇಷ್ಟು ನೇರವಾದ ತೀರ್ಪು ಸುಲಭವಾಗಿ ಸಿಗುವುದಿಲ್ಲ. ಷೇಕ್ಸ್‌ಪಿಯರ್ ಹ್ಯಾಮ್ಲೆಟ್ಟನ ಪ್ರಸಿದ್ಧ ಸ್ವಗತವನ್ನು ಬರೆಯತೊಡಗಿದಾಗ ಹೇಗೆ ಕುಳಿತಿದ್ದನೆಂದು ತಿಳಿದರೆ ಎಷ್ಟು ಆನಂದವಾದೀತು ಎಂಬ ಹಂಬಲವೂ ಅಲ್ಲೇ ಬರುತ್ತದೆ.

ಇದಕ್ಕೆ ಕೆಲವು ತಿಂಗಳ ಹಿಂದೆ, 1818ರ ಡಿಸೆಂಬರಿನಲ್ಲಿ ಇನ್ನೊಬ್ಬ ತಮ್ಮ ಟಾಮ್ ತೀರಿಕೊಂಡಿದ್ದ. ಆಗ ಅವನು ಜಾರ್ಜ್ ದಂಪತಿಗಳಿಗೆ ಒಂದು ಸಲಹೆ ಕೊಡುತ್ತಾನೆ: ಪ್ರತಿ ಭಾನುವಾರ ಹತ್ತು ಗಂಟೆಗೆ ನಾನು ಷೇಕ್ಸ್‌ಪಿಯರನ ಒಂದು ಭಾಗವನ್ನು ಓದುತ್ತೇನೆ, ನೀವೂ ಅದೇ ಹೊತ್ತಿಗೆ ಓದಿ, ಆಗ ಒಂದೇ ಕೋಣೆಯಲ್ಲಿರುವ ಕುರುಡರಷ್ಟು ನಾವು ಹತ್ತಿರವಿರುತ್ತೇವೆ. ಕೊನೆಗೆ, 1820ರ ನವೆಂಬರಿನಲ್ಲಿ ರೋಮ್‌ನಿಂದ ಗೆಳೆಯ ಬ್ರೌನನಿಗೆ ಬರೆದಾಗ, ಯಾವ ಪುಸ್ತಕ ತೆರೆದರೂ ಹೊಟ್ಟೆಯ ಸಂಕಟ ಹೆಚ್ಚುತ್ತದೆ ಎನ್ನುತ್ತಾನೆ.

ಆದರೂ ಪತ್ರಗಳನ್ನು ಪೂರ್ಣ ದಾಖಲೆಯೆಂದು ನಂಬಬಾರದು, ಏಕೆಂದರೆ ಜೊತೆಯಲ್ಲೇ ಕುಳಿತು ಓದಿದವರಿಗೆ ಯಾರೂ ಕಾಗದ ಬರೆಯುವುದಿಲ್ಲ. 1816ರ ಅಕ್ಟೋಬರಿನ ಒಂದು ರಾತ್ರಿ ಕೀಟ್ಸ್ ಮತ್ತು ಅವನ ಗೆಳೆಯ ಕೌಡನ್ ಕ್ಲಾರ್ಕ್ ಕೂಡಿ, ಚಾಪ್ಮನ್ ಇಂಗ್ಲಿಷಿಗೆ ಅನುವಾದಿಸಿದ ಗ್ರೀಕ್ ಕವಿ ಹೋಮರನನ್ನು ಓದಿದ ಸಂಗತಿ, ಕವಿಯ ಬದುಕಿನ ಬಹುದೊಡ್ಡ ಓದು, ನಮಗೆ ತಿಳಿದಿರುವುದು ಅವನ ಸಾನೆಟ್ಟಿನಿಂದ ಮತ್ತು ಕ್ಲಾರ್ಕ್ ಎಷ್ಟೋ ವರ್ಷಗಳ ನಂತರ ಬರೆದ ನೆನಪುಗಳಿಂದ.