ಎರೆ ಹೊಲ ಸುತ್ತಿ ಬಂದ ಮೇಲೆ ಹ್ಯಾಂಡಲ್ ನಡುಗಿದರೆ

ಡೋಣಿ ನದಿ ದಂಡೆಯ ಹೊಲದ ದಾರಿ ಸುತ್ತಿ ಬಂದ ಮೇಲೆ ಎಕ್ಸ್‌ಪಲ್ಸ್ ಬೈಕು ಗಂಟೆಗೆ 70 ಕಿ.ಮೀ. ದಾಟಿದರೆ ಹ್ಯಾಂಡಲ್ ನಡುಗುತ್ತೆ ಅಂದಿದ್ದೀರಿ. ಬಹುಶಃ ಮುಂದಿನ ರಿಮ್ಮಿನ ಒಳಗೆ ಒಂದೇ ಕಡೆ ಎರೆ ಮಣ್ಣು ಹತ್ತಿ ಒಣಗಿದೆ. ಸುಮ್ನೆ ನೀರು ಹೊಡೆದರೆ ಅದು ಬಿಡಲ್ಲ. ಒದ್ದೆ ಬಟ್ಟೆ ಸುತ್ತಿ ಅರ್ಧ ತಾಸು ನೆನೆಸಿ, ಸ್ಪೋಕಿನ ಬುಡವನ್ನು ಮರದ ಚಕ್ಕೆಯಿಂದ ಕೆರೆಯಿರಿ.

ಆಮೇಲೆ ಸ್ಪೋಕುಗಳನ್ನು ಒಂದೊಂದಾಗಿ ಸ್ಪ್ಯಾನರ್‌ನಿಂದ ತಟ್ಟಿ. ಬಿಗಿ ಇದ್ದದ್ದು ಟಿಣ್ ಅನ್ನುತ್ತೆ, ಸಡಿಲಾದದ್ದು ಮಂಕಾಗಿ ಟಪ್ ಅನ್ನುತ್ತೆ. ಸಡಿಲಿದ್ದರೆ ನೀವೇ ತಿರುವಬೇಡಿ, ರಿಮ್ ಸೊಟ್ಟಗಾಗುತ್ತೆ. ಅಲೈನ್‌ಮೆಂಟ್ ಮಾಡುವವರಿಗೇ ಕೊಡಿ.

ಹೊಲಕ್ಕಿಳಿಯುವಾಗ ಗಾಳಿ ಕಡಿಮೆ ಮಾಡಿದ್ರಾ? ಟ್ಯೂಬ್ ಟೈರ್ ಅಲ್ವಾ, ಮತ್ತೆ ತುಂಬಿಸಿಯೇ ಡಾಂಬರಿಗೆ ಹತ್ತಿ. ಗಟ್ಟಿ ಗುಬುಟಿನ ಟೈರ್ ಹಾಕಿಸಿದ್ದರೆ ಸ್ವಲ್ಪ ನಡುಕ ಇದ್ದೇ ಇರುತ್ತೆ. ಎಷ್ಟು ಸಹಜ ಅಂತ ನೋಡದೆ ಹೇಳೋದು ಕಷ್ಟ.

ಇಷ್ಟಾದರೂ ನಿಲ್ಲದಿದ್ದರೆ ಮುಂದಿನ ಚಕ್ರ ಎತ್ತಿ, ಆ ಚಕ್ರ ಹಿಡಿದಿರುವ ಫೋರ್ಕಿನ ಕೆಳಗೆ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಕಟ್ ಕಟ್ ಅಂದರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ನೋಡಿಸಿ.